ಓತಿಮರಿಯ ಊಟ



ಪುತ್ತೂರಿನಿಂದ ಪಾಣಾಜೆಯತ್ತ ಸಾಗುವ ದಾರಿಯಲ್ಲಿ ಬೆಟ್ಟಂಪಾಡಿ ಎಂಬ ಊರಿದೆ. ತಗ್ಗಿನಲ್ಲಿ ಅಡಕೆ ತೋಟ, ಏರಿನಲ್ಲಿ ಗೇರು, ಅದರಾಚೆಗೆ ಕೇರಳದ ಗಡಿ. ಕಳೆದ ಬೇಸಗೆ ರಜೆಯ ಕೊನೆಯ ವಾರ ಅಲ್ಲಿಯ ನಮ್ಮ ಮನೆಗೆ ಬೆಂಗಳೂರಿನಿಂದ ತಂಗಿಯ ಮಗ ಬಂದಿಳಿದ. ಹೆಗಲಲ್ಲಿ ಬಟ್ಟೆಯ ಚೀಲ. ಎರಡೂ ಕೈಗಳಲ್ಲಿ, ದೇವರ ಪೆಟ್ಟಿಗೆಯನ್ನು ಹಿಡಿದಷ್ಟು ಭಕ್ತಿಯಿಂದ, ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಮರಳಿನ ಬಣ್ಣದ, ಗೇಣುದ್ದದ ಒಂದು ಓತಿಯ ಮರಿ ತಲೆಯೆತ್ತಿ ಕುಳಿತಿತ್ತು.

ಮನೆಯ ಹಿರಿಯರು ಮೂಗಿನ ಮೇಲೆ ಬೆರಳಿಟ್ಟರು. ತೋಟದಲ್ಲಿ ಹೆಜ್ಜೆಗೊಂದು ಓತಿ ಕಾಣುವ ಊರಿಗೆ ಬೆಂಗಳೂರಿನಿಂದ ಓತಿಯನ್ನು ಹೊತ್ತು ತಂದಿದ್ದಾನಲ್ಲ ಎಂದು ನಕ್ಕರು. ಹುಡುಗ ಬೇಸರಿಸಲಿಲ್ಲ. ಇದು ನಮ್ಮ ದೇಶದ್ದಲ್ಲವೆಂದೂ, ಇದರ ತವರು ಮಧ್ಯ ಆಸ್ಟ್ರೇಲಿಯದ ಒಣ ನೆಲವೆಂದೂ, ಕೆರಳಿದಾಗ ಕತ್ತಿನಡಿಯ ಮುಳ್ಳುಮುಳ್ಳಾದ ಚರ್ಮವನ್ನು ಉಬ್ಬಿಸುವುದರಿಂದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹೆಸರು ಬಂತೆಂದೂ ವಿವರಿಸಿದ. ನಾವು ಇದನ್ನು ಗಡ್ಡದ ಓತಿ ಎಂದು ಕರೆಯೋಣ. ಆಸ್ಟ್ರೇಲಿಯ ತನ್ನ ಕಾಡಿನ ಜೀವಿಗಳನ್ನು ವ್ಯಾಪಾರಕ್ಕಾಗಿ ಹೊರದೇಶಗಳಿಗೆ ಕಳುಹಿಸುವುದನ್ನು ಎಂದೋ ನಿಲ್ಲಿಸಿದೆ. ಈಗ ಲೋಕದ ಪೇಟೆಗಳಲ್ಲಿ ಸಿಗುವವು ತಲೆಮಾರುಗಳಿಂದ ಗಾಜಿನ ಮನೆಗಳಲ್ಲೇ ಹುಟ್ಟಿ ಬೆಳೆದವು.

ಹುಡುಗನ ಕಷ್ಟವೇ ಬೇರೆ. ಓತಿಗೆಂದು ತಂದಿದ್ದ ಒಂದು ಡಬ್ಬಿ ಚಿಮ್ಮಂಡೆಗಳು ಬಸ್ಸಿನ ಸೆಕೆಗೆ ದಾರಿಯಲ್ಲೇ ಸತ್ತುಹೋಗಿದ್ದವು. "ಮಾವ, ಇದಕ್ಕೆ ಇಲ್ಲಿ ಏನು ಕೊಡಲಿ?" ಎಂದು ಕೇಳಿದ. "ತೋಟದಲ್ಲಿ ಹುಳುಗಳಿಗೆ ಬರವೇ? ಬೇಕಾದಷ್ಟು ಹಿಡಿದುಕೋ" ಎಂದುಬಿಟ್ಟೆ. ಯೋಚಿಸದೆ ಆಡಿದ ಆ ಮಾತು ಎಷ್ಟು ದುಬಾರಿಯಾಗಬಹುದಿತ್ತೆಂಬುದು ಅಂದು ಸಂಜೆಯೇ ತಿಳಿಯಿತು.

ಮುಂಗಾರಿಗೆ ಮುನ್ನ ಒಂದೆರಡು ಮಳೆ ಬಿದ್ದ ಮೇಲೆ ನಮ್ಮ ಕಡೆಯ ತೋಟಗಳಲ್ಲಿ ಮಿಣುಕುಹುಳುಗಳ ಹಬ್ಬ. ಕತ್ತಲಾಗುತ್ತಲೇ ಹುಡುಗ ಒಂದು ಸೀಸೆಯ ತುಂಬ ಅವುಗಳನ್ನು ಹಿಡಿದು ತಂದ. ಮೆತ್ತನೆಯ ಹುಳು, ಓಡುವುದಿಲ್ಲ, ಕಚ್ಚುವುದಿಲ್ಲ, ಗಾತ್ರವೂ ಚಿಕ್ಕದು. ಓತಿಯ ಮರಿಗೆ ಇದಕ್ಕಿಂತ ಅನುಕೂಲವಾದ ತುತ್ತು ಯಾವುದಿದ್ದೀತು ಎಂದು ಅವನ ಎಣಿಕೆ. ಪೆಟ್ಟಿಗೆಯ ಮುಚ್ಚಳ ತೆರೆದು ಒಂದನ್ನು ಬೆರಳಲ್ಲಿ ಹಿಡಿದಿದ್ದ. ಓತಿ ಆಗಲೇ ಕತ್ತು ಮುಂದೆ ಚಾಚಿತ್ತು. ಎಂದೋ ಓದಿದ್ದೊಂದು ಸಂಗತಿ ಆ ಗಳಿಗೆಯಲ್ಲಿ ನನ್ನ ನೆನಪಿಗೆ ಬಂದದ್ದು ಓತಿಯ ಪುಣ್ಯ. ಓಡಿಹೋಗಿ ಅವನ ಕೈ ಹಿಡಿದುಕೊಂಡೆ.

ಆ ಸಂಗತಿ ಹೀಗಿದೆ. ಸಾಕಿದ ಗಡ್ಡದ ಓತಿಗಳು ಮಿಣುಕುಹುಳು ತಿಂದು ಸತ್ತ ಪ್ರಸಂಗಗಳನ್ನು ಅಮೆರಿಕದ ವಿಜ್ಞಾನಿಗಳು 1999ರಲ್ಲಿ ವರದಿ ಮಾಡಿದರು. ನುಂಗಿ ಒಂದು ಗಂಟೆ ಕಳೆಯುವುದರೊಳಗೆ ಓತಿ ತಲೆ ಕೊಡಹತೊಡಗುತ್ತದೆ, ಬಾಯನ್ನು ಅಗಲವಾಗಿ ತೆರೆಯುತ್ತದೆ, ಮೈಬಣ್ಣ ಕಪ್ಪಿಗೆ ತಿರುಗುತ್ತದೆ, ಬಳಿಕ ಸಾವು. ಒಂದೇ ಒಂದು ಹುಳು ಇದಕ್ಕೆ ಸಾಕು. ಅಲ್ಲಿಯ ಫೋಟಿನಸ್ ಎಂಬ ಜಾತಿಯ ಮಿಣುಕುಹುಳುಗಳ ಮೈಯಲ್ಲಿ ಲೂಸಿಬುಫಾಜಿನ್ ಎಂಬ ವಿಷವಿದೆ. ಹೆಸರಿನ ನಡುವೆ ಇರುವ 'ಬುಫೊ' ಎಂಬುದು ಲ್ಯಾಟಿನ್ ಭಾಷೆಯಲ್ಲಿ ನೆಲಗಪ್ಪೆ. ನೆಲಗಪ್ಪೆಯ ಚರ್ಮದ ವಿಷಕ್ಕೂ ಇದಕ್ಕೂ ಹತ್ತಿರದ ನಂಟು. ಎರಡೂ ಹೃದಯದ ಬಡಿತವನ್ನು ಕೆಡಿಸುವಂಥವು. ನಾವು ಕವಿತೆ ಕಟ್ಟಿ ಹೊಗಳುವ ಆ ಬೆಳಕು ಸಂಗಾತಿಗೆ ಕರೆಯೂ ಹೌದು, ತಿನ್ನಬಂದವರಿಗೆ ಎಚ್ಚರಿಕೆಯೂ ಹೌದು.

ಹುಡುಗ ಸುಮ್ಮನಾಗಲಿಲ್ಲ. "ಕಪ್ಪೆಗಳು ಮಿಣುಕುಹುಳು ತಿನ್ನುತ್ತವೆಯಲ್ಲ, ಮಾವ? ಅವು ಯಾಕೆ ಸಾಯುವುದಿಲ್ಲ?" ಎಂದ. ಒಳ್ಳೆಯ ಪ್ರಶ್ನೆ. ಒಂದು ಪ್ರಾಣಿಗೆ ಅರಗಿದ್ದು ಇನ್ನೊಂದಕ್ಕೆ ಅರಗಬೇಕೆಂಬ ನಿಯಮವೇನೂ ಇಲ್ಲ. ಒಂದೇ ನೆಲದಲ್ಲಿ ಲಕ್ಷಾಂತರ ವರ್ಷ ಜೊತೆಯಾಗಿ ಬಾಳಿದ ಬೇಟೆಗಾರನೂ ಬೇಟೆಯೂ ಒಬ್ಬರ ಗುಟ್ಟನ್ನು ಇನ್ನೊಬ್ಬರು ಅರಿತಿರುತ್ತಾರೆ. ಯಾವುದನ್ನು ನುಂಗಬೇಕು, ಯಾವುದನ್ನು ಉಗುಳಬೇಕು ಎಂಬ ತಿಳಿವು ಅಲ್ಲಿ ಹುಟ್ಟಿನೊಡನೆ ಬಂದಿರುತ್ತದೆ. ಮರುಭೂಮಿಯ ಓತಿಗೆ ಬೇರೆ ಖಂಡದ ಹುಳುವಿನ ಗುಟ್ಟು ಹೇಗೆ ತಿಳಿಯಬೇಕು? ಅಲುಗಾಡಿದ್ದೆಲ್ಲ ಅದಕ್ಕೆ ಊಟ. ಆಯ್ಕೆ ಮಾಡುವ ಭಾರ ಅದನ್ನು ಪೆಟ್ಟಿಗೆಯಲ್ಲಿಟ್ಟವನದು. ಎಲ್ಲ ಮಿಣುಕುಹುಳುಗಳಲ್ಲಿಯೂ ಈ ವಿಷ ಒಂದೇ ಸಮನಾಗಿ ಇರುವುದಿಲ್ಲ, ನಿಜ. ಆದರೆ ಕತ್ತಲಲ್ಲಿ ಹಿಡಿದ ಹುಳುವಿನ ಕುಲಗೋತ್ರವನ್ನು ವಿಚಾರಿಸುತ್ತ ಕೂರುವುದಕ್ಕಿಂತ, ಮಿನುಗುವ ಯಾವ ಹುಳುವನ್ನೂ ಕೊಡುವುದಿಲ್ಲವೆಂಬ ವ್ರತವೇ ಲೇಸು.

ಸೀಸೆಯ ಮುಚ್ಚಳ ತೆರೆದು ಮಿಣುಕುಹುಳುಗಳನ್ನು ಅಂಗಳದಲ್ಲಿ ಬಿಟ್ಟೆವು. ಹಾಗಾದರೆ ಓತಿಯ ಮರಿಗೆ ಕೊಡತಕ್ಕ ಹುಳು ಯಾವುದು? ಮುಂದಿನ ಎರಡು ದಿನ ನಾನೂ ಹುಡುಗನೂ ಈ ವಿಚಾರದಲ್ಲೇ ಮುಳುಗಿದೆವು. ಓದಿ ತಿಳಿದುದು, ನೋಡಿ ತಿಳಿದುದು, ತೋಟದ ಅನುಭವಸ್ಥರಿಂದ ಕೇಳಿ ತಿಳಿದುದು ಎಲ್ಲವನ್ನೂ ಸೇರಿಸಿ ನಿಮ್ಮ ಮುಂದಿಡುತ್ತೇನೆ. ಈಚೆಗೆ ನಮ್ಮ ನಗರಗಳ ಎಷ್ಟೋ ಮನೆಗಳಲ್ಲಿ ಇಂಥ ಗಾಜಿನ ಪೆಟ್ಟಿಗೆಗಳು ಸೇರಿಕೊಂಡಿವೆಯಾದ್ದರಿಂದ ಇದು ಕೆಲವರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲನೆಯದಾಗಿ, ಸಾಕಿದ ಪ್ರಾಣಿ ಹುಳು ತಿನ್ನುವ ಜಾತಿಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇಗುವಾನ ಎಂಬ ಹಸಿರು ಪ್ರಾಣಿ ಮರಿಯಾಗಿದ್ದಾಗಲೂ ಅಪ್ಪಟ ಸಸ್ಯಾಹಾರಿ. ಓತಿಯ ಬಳಗವೆಂದು ಅದಕ್ಕೆ ಹುಳು ತಿನ್ನಿಸಿದರೆ ಕಾಲಾಂತರದಲ್ಲಿ ಮೂತ್ರಪಿಂಡ ಕೆಡುತ್ತದೆ. ಗಡ್ಡದ ಓತಿಯ ಪರಿ ಇನ್ನೊಂದು. ಮರಿಯಾಗಿರುವಾಗ ಹುಳುವೇ ಮುಖ್ಯ, ಸೊಪ್ಪು ಸ್ವಲ್ಪ. ಬೆಳೆದ ಮೇಲೆ ಸೊಪ್ಪೇ ಮುಖ್ಯ, ಹುಳು ಸ್ವಲ್ಪ. ನಮ್ಮ ಮನೆಯ ಹಲ್ಲಿಯ ಬಳಗಕ್ಕೆ ಸೇರಿದ ಚಿರತೆಹಲ್ಲಿ ಬಾಳಿನುದ್ದಕ್ಕೂ ಹುಳುವನ್ನೇ ನಂಬಿದ್ದು.

ಇನ್ನು ಗಾತ್ರ. ಮರಿಯ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ದೊಡ್ಡದಾದ ಹುಳುವನ್ನು ಕೊಡಬಾರದೆಂಬುದು ಸಾಕುವವರೆಲ್ಲ ಒಪ್ಪಿದ ಅಳತೆ. ಓತಿಗೆ ನಮ್ಮಂತೆ ಅಗಿದು ನುರಿಸುವ ಹಲ್ಲಿಲ್ಲ. ಒಂದೆರಡು ಸಲ ಕಚ್ಚಿ ನುಂಗಿಬಿಡುತ್ತದೆ. ದೊಡ್ಡ ಹುಳು, ಅದರಲ್ಲೂ ಗಟ್ಟಿ ಕವಚದ ಹುಳು ಹೊಟ್ಟೆಯಲ್ಲಿ ಕಟ್ಟಿಕೊಂಡರೆ ಮರಿ ಹಿಂಗಾಲಿನ ಬಲ ಕಳೆದುಕೊಳ್ಳುವುದೂ ಉಂಟು, ಪ್ರಾಣ ಕಳೆದುಕೊಳ್ಳುವುದೂ ಉಂಟು. ದಿನಕ್ಕೆ ಎರಡು ಮೂರು ಸಲ, ಪ್ರತಿಸಲವೂ ಹತ್ತು ಹದಿನೈದು ನಿಮಿಷಗಳಲ್ಲಿ ತಿನ್ನುವಷ್ಟು ಕೊಟ್ಟು, ಉಳಿದ ಹುಳುಗಳನ್ನು ಹೊರತೆಗೆಯಬೇಕು. ಮರೆತು ಬಿಟ್ಟ ಚಿಮ್ಮಂಡೆಗಳು ರಾತ್ರಿ ಮಲಗಿದ ಮರಿಯ ಬೆರಳು, ಬಾಲ, ಕಣ್ಣಿನ ರೆಪ್ಪೆಗಳನ್ನೇ ಕಡಿಯುತ್ತವೆ.

ಸಾಕುವವರು ಸಾಮಾನ್ಯವಾಗಿ ಕೊಡುವವು ಇವು: ಆಹಾರಕ್ಕೆಂದೇ ಬೆಳೆಸಿದ ಚಿಮ್ಮಂಡೆ, ಧಾನ್ಯದ ಹಿಟ್ಟಿನಲ್ಲಿ ಬೆಳೆಯುವ ಹಿಟ್ಟಿನ ಹುಳು, ಡುಬಿಯಾ ಎಂಬ, ಗೋಡೆ ಹತ್ತಲಾರದ ಜಿರಲೆ, ಗೊಬ್ಬರದ ಗುಂಡಿಯಲ್ಲಿ ಬೆಳೆಯುವ ಕಪ್ಪು ಸೈನಿಕ ನೊಣದ ಮರಿಹುಳು, ಮತ್ತು ಕನ್ನಡ ನಾಡಿಗೆ ಹೊಸದಲ್ಲದ ರೇಷ್ಮೆಹುಳು. ಹಿಟ್ಟಿನ ಹುಳುವಿನ ಮೈ ಗಟ್ಟಿ, ಕೊಬ್ಬೂ ಹೆಚ್ಚು. ಚಿಕ್ಕ ಮರಿಗಳಿಗೆ ಅದು ತಕ್ಕುದಲ್ಲ. ರೇಷ್ಮೆಹುಳು ಮೆತ್ತಗೆ, ನೀರಿನಂಶ ಹೆಚ್ಚು, ಹೊಟ್ಟೆಗೆ ಹಗುರ. ಕಪ್ಪು ಸೈನಿಕ ನೊಣದ ಮರಿಹುಳುವಿನಲ್ಲಿ ಸುಣ್ಣದಂಶ ಹೇರಳ. ಉಳಿದವುಗಳಲ್ಲಿ ಅದೇ ಕೊರತೆ.

ಈ ಸುಣ್ಣದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಳುವಿಗೆ ಎಲುಬಿಲ್ಲ, ಅದರ ಆಧಾರವೆಲ್ಲ ಹೊರಗಣ ಕವಚ. ಆದುದರಿಂದ ಅದರ ಮೈಯಲ್ಲಿ ಕ್ಯಾಲ್ಸಿಯಂ ಅತ್ಯಲ್ಪ, ರಂಜಕ ಬಹಳ. ಬೆಳೆಯುವ ಓತಿಗೆ ರಂಜಕದ ಎರಡರಷ್ಟು ಕ್ಯಾಲ್ಸಿಯಂ ಬೇಕು. ಚಿಮ್ಮಂಡೆಯಲ್ಲಿ ಲೆಕ್ಕ ತಿರುವುಮುರುವು; ಕ್ಯಾಲ್ಸಿಯಂ ಒಂದು ಪಾಲಾದರೆ ರಂಜಕ ಏಳೆಂಟು ಪಾಲು. ಬರಿಯ ಚಿಮ್ಮಂಡೆ ತಿಂದು ಬೆಳೆದ ಮರಿಯ ದೇಹ ತನ್ನ ಎಲುಬಿನಿಂದಲೇ ಸುಣ್ಣವನ್ನು ಕಡ ತೆಗೆಯತೊಡಗುತ್ತದೆ. ದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ಕಾಲು ಬಾಗುತ್ತದೆ, ಮೈ ನಡುಗುತ್ತದೆ. ಹೊಟ್ಟೆ ತುಂಬ ಉಂಡೂ ಉಪವಾಸ ಬಿದ್ದಂತೆ ಇದು. ಸಾಕುಪ್ರಾಣಿಯಾದ ಓತಿಗಳನ್ನು ಕಾಡುವ ರೋಗಗಳಲ್ಲಿ ಬಹಳ ಸಾಮಾನ್ಯವಾದದ್ದೂ, ಬಹಳ ಸುಲಭವಾಗಿ ತಪ್ಪಿಸಬಹುದಾದದ್ದೂ ಇದೇ.

ಪರಿಹಾರವೇನು? ಕೊಡುವ ಮುಂಚೆ ಹುಳುಗಳನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯಲ್ಲಿ ಹೊರಳಿಸಬೇಕು. ಇದನ್ನು ಕೇಳಿದೊಡನೆ ನಮ್ಮ ಮನೆಯ ಅಜ್ಜಿ ಎಲೆಯಡಕೆಯ ತಟ್ಟೆಯ ಸುಣ್ಣದ ಕರಡಿಗೆಯನ್ನು ಮುಂದೆ ಚಾಚಿದರು. ನಮ್ಮ ಕಡೆ ಸುಣ್ಣವೆಂದರೆ ಅದೇ ತಾನೆ? ಆದರೆ ವೀಳ್ಯದ ಸುಣ್ಣ ಬಾಯಿ ಸುಡುವಂಥದು. ಓತಿಗೆ ಅದು ಸಲ್ಲದು. ಔಷಧಿಯಂಗಡಿಯ ಸಾದಾ ಕ್ಯಾಲ್ಸಿಯಂ ಪುಡಿಯೇ ಬೇಕು. ಸಾಲದುದಕ್ಕೆ, ತಿಂದ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ಡಿ ಜೀವಸತ್ವ ಬೇಕು. ಅದು ಚರ್ಮದಲ್ಲಿ ಹುಟ್ಟಲು ಬಿಸಿಲಿನ ಅತಿನೇರಳೆ ಕಿರಣ ಬೇಕು. ಕಿಟಕಿಯ ಗಾಜಿನ ಹಿಂದೆ ಇಟ್ಟರೆ ಬೆಳಕು ಬರುತ್ತದೆ, ಆ ಕಿರಣ ಬರುವುದಿಲ್ಲ. ಗಾಜು ಅದನ್ನು ತಡೆಯುತ್ತದೆ. ಹಾಗೆಂದು ಗಾಜಿನ ಪೆಟ್ಟಿಗೆಯನ್ನೇ ಬಿಸಿಲಿಗಿಟ್ಟರೆ ಮರಿ ಬೆಂದುಹೋದೀತು. ವಿಶೇಷ ದೀಪವಿರಬೇಕು, ಇಲ್ಲವೆ ನೆರಳೂ ಇರುವ ಬಲೆಯ ಗೂಡಿನಲ್ಲಿ ಎಳಬಿಸಿಲು ಕಾಯಿಸಬೇಕು.

ಇಷ್ಟಾದ ಮೇಲೆ ಈ ವಿಚಾರದ ತಿರುಳಿಗೆ ಬರುತ್ತೇನೆ. ಹುಳುವಿನ ಗುಣ ಹುಳು ತಿಂದ ಸೊಪ್ಪಿನ ಗುಣ. ಓತಿಗೆ ಕೊಡುವ ಮುನ್ನ ಒಂದೆರಡು ದಿನ ಚಿಮ್ಮಂಡೆಗಳಿಗೆ ಒಳ್ಳೆಯ ಆಹಾರ ತಿನ್ನಿಸುವುದು ತಿಳಿದವರ ಪದ್ಧತಿ. ನುಗ್ಗೆಸೊಪ್ಪು, ಸಿಹಿಗುಂಬಳದ ಹೋಳು, ಪಪ್ಪಾಯಿ ಇವೆಲ್ಲ ಆಗುತ್ತವೆ. ಹರಿವೆ, ಪಾಲಕ್ ಸೊಪ್ಪುಗಳಲ್ಲಿ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುವ ಆಕ್ಸಲೇಟ್ ಹೆಚ್ಚಾದ್ದರಿಂದ ಅವುಗಳನ್ನೇ ನೆಚ್ಚಬಾರದು. ಹಸಿದ ಚಿಮ್ಮಂಡೆ ಬರಿಯ ಸಿಪ್ಪೆ. ಹೊಟ್ಟೆ ತುಂಬಿದ ಚಿಮ್ಮಂಡೆ ಸೊಪ್ಪು ತುಂಬಿದ ಬುತ್ತಿ. ಬುತ್ತಿಯಲ್ಲಿ ಏನಿದೆಯೋ ಅದೇ ಓತಿಯ ಪಾಲಿಗೆ ಬರುತ್ತದೆ.

ನಮ್ಮ ರೇಷ್ಮೆ ಬೆಳೆಗಾರರಿಗೆ ಈ ಸತ್ಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಾಮನಗರ, ಶಿಡ್ಲಘಟ್ಟಗಳ ಸುತ್ತಣ ಹಳ್ಳಿಗಳಲ್ಲಿ ಹಿಪ್ಪುನೇರಳೆಗೆ ಕೀಟನಾಶಕ ಸಿಂಪಡಿಸಿದರೆ ಅದರ ಕಸುವು ಇಳಿಯುವವರೆಗೆ ದಿನ ಎಣಿಸಿ ಕಾಯುತ್ತಾರೆ. ಆ ಮೊದಲು ಒಂದೆಲೆಯನ್ನೂ ಹುಳುವಿಗೆ ಹಾಕುವುದಿಲ್ಲ. ಪಕ್ಕದ ಹೊಲದಲ್ಲಿ ಹೊಗೆಸೊಪ್ಪಿದ್ದರೆ ಅದರ ನಂಜು ಹಿಪ್ಪುನೇರಳೆಯ ಎಲೆಗೂ ತಗುಲಿ ಹುಳು ಸಾಯುತ್ತದೆಂಬುದು ಅವರಿಗೆ ಗೊತ್ತು. ಎಲೆಯ ಮೇಲಿನದು ಹುಳುವಿಗೆ ಬರುತ್ತದೆ ಎಂಬಲ್ಲಿಗೆ ಅವರ ಲೆಕ್ಕ ಮುಗಿಯುತ್ತದೆ. ಓತಿ ಸಾಕುವವನು ಇನ್ನೊಂದು ಮೆಟ್ಟಿಲು ಮುಂದೆ ಹೋಗಬೇಕು: ಹುಳುವಿನಲ್ಲಿರುವುದು ಓತಿಗೆ ಬರುತ್ತದೆ.

ವಿಷವನ್ನು ಗಿಡದಿಂದಲೇ ಪಡೆದು ಮೈಯಲ್ಲಿ ಕೂಡಿಟ್ಟುಕೊಳ್ಳುವ ಹುಳುಗಳುಂಟು. ಮಾರನೆಯ ದಿನ ಬೆಳಿಗ್ಗೆ ಹುಡುಗ ಗುಡ್ಡದ ಬದಿಯ ಎಕ್ಕದ ಗಿಡದ ಮೇಲೆ ಹಳದಿ, ನೀಲಿ ಪಟ್ಟೆಗಳ ಅಂದವಾದ ಮಿಡತೆಯೊಂದನ್ನು ಕಂಡು ಹಿಡಿಯಹೋದ. ತೋಟದ ಕೆಲಸಕ್ಕೆ ಬರುವ ಮುದುಕ ದೂರದಿಂದಲೇ ತಡೆದು, "ಬೇಡ ಮಗಾ, ಅದನ್ನು ಕೋಳಿ ಕೂಡ ಕುಕ್ಕುವುದಿಲ್ಲ" ಎಂದ. ಮುದುಕನ ಮಾತಿನಲ್ಲಿ ವಿಜ್ಞಾನವಿದೆ. ಎಕ್ಕದ ಹಾಲಿನಲ್ಲಿರುವುದೂ ಹೃದಯವನ್ನು ಹಿಡಿಯುವ ವಿಷವೇ. ಮಿಡತೆ ಆ ಎಲೆಯನ್ನೇ ತಿಂದು ಬೆಳೆಯುತ್ತದೆ. ಮುಟ್ಟಿದರೆ ವಿಷದ ರಸವನ್ನೂ ಚಿಮ್ಮುತ್ತದೆ. ಎಕ್ಕದ ಗಿಡದಲ್ಲಿ ಮರಿಯಾಗಿ ಬೆಳೆದ ಕೆಲವು ಚಿಟ್ಟೆಗಳದೂ ಇದೇ ಕಥೆ. ದಾಸವಾಳದ, ಅವರೆಯ ಹೂವಿಗೆ ಬರುವ, ಕಪ್ಪು ಮೈಮೇಲೆ ಕಿತ್ತಳೆ ಪಟ್ಟಿಯ ಜೀರುಂಡೆ ನಮ್ಮ ಚರ್ಮಕ್ಕೆ ತಾಗಿದರೇ ಬೊಕ್ಕೆ ಏಳುತ್ತದೆ. ಓತಿಯ ಕರುಳಿನ ಗತಿಯೇನಾದೀತು? ಕಂಬಳಿಹುಳುವಿನ ರೋಮ, ಎಲೆ ಹೊಲಿದು ಗೂಡು ಕಟ್ಟುವ ಚಗಳಿಯ ಕಡಿತ ಇವೂ ಮರಿಗೆ ಅಪಾಯವೇ. ಗಾಢ ಬಣ್ಣ ತೊಟ್ಟು, ಹೆದರದೆ, ನಿಧಾನವಾಗಿ ಓಡಾಡುವ ಹುಳುವನ್ನು ಕಂಡರೆ ಅದರ ಧೈರ್ಯಕ್ಕೆ ಕಾರಣವೊಂದಿರಬೇಕೆಂದು ತಿಳಿದು ಕೈ ಹಿಂದೆಗೆಯುವುದು ಒಳ್ಳೆಯದು.

ಇವೆಲ್ಲ ಪ್ರಕೃತಿ ಇಟ್ಟ ವಿಷಗಳು. ಬಣ್ಣದಿಂದ, ಬೆಳಕಿನಿಂದ, ನಾತದಿಂದ ಅವು ಮೊದಲೇ ಸಾರಿ ಹೇಳುತ್ತವೆ. ನಾವು ಇಟ್ಟ ವಿಷಗಳಿಗೆ ಆ ಮರ್ಯಾದೆಯೂ ಇಲ್ಲ. ಅಡಿಗೆಮನೆಯಲ್ಲಿ ಔಷಧಿ ಹೊಡೆದ ಮೇಲೆ ತೂರಾಡುವ ಜಿರಲೆ ನೋಡಲು ಜಿರಲೆಯೇ. ಹಿಡಿಯಲು ಇನ್ನೂ ಸುಲಭ. ಅದನ್ನು ತಿಂದ ಹಲ್ಲಿಯ ಅವಸ್ಥೆಯನ್ನು ನೀವೂ ನೋಡಿರಬಹುದು. ತೋಟದ ವಿಚಾರವೂ ಹೀಗೆಯೇ. ಮಳೆಗಾಲದ ಕೊಳೆರೋಗಕ್ಕೆ ನಮ್ಮ ಅಡಕೆಯ ಕೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗದ ಅಭ್ಯಾಸ ಮಾಡಿ ಅಡಕೆಗೆ ಹೊಂದಿಸಿದ ಮದ್ದು ಇದು. ಬೂಷ್ಟನ್ನು ಕೊಲ್ಲುವ ಮದ್ದೇ ಹೊರತು ಹುಳುವನ್ನು ಕೊಲ್ಲುವುದಲ್ಲ. ಹಾಗಿದ್ದರೂ ನೀಲಿ ಬಳಿದ ಮರದಿಂದ ಹಿಡಿದ ಹುಳುವಿನ ಮೈಯಲ್ಲಿ ತಾಮ್ರವಿರುತ್ತದೆಂಬುದನ್ನು ಮರೆಯಬಾರದು.

ಗುಡ್ಡದ ಮೇಲಿನ ಗೇರಿನ ಕಥೆ ಇದಕ್ಕಿಂತ ಕಠೋರವಾದದ್ದು. ಬೆಟ್ಟಂಪಾಡಿಯಿಂದ ಪಾಣಾಜೆಯನ್ನು ದಾಟಿ ಗಡಿಯಾಚೆಗೆ ಇಳಿದರೆ ಎಣ್ಮಕಜೆಯ ಪಡ್ರೆ ಗ್ರಾಮ. ಕಾಸರಗೋಡಿನ ಆ ಗುಡ್ಡಗಳಲ್ಲಿ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಪುಗಳಿವೆ. ಗೇರಿನ ಚಿಗುರನ್ನು ಹೀರುವ ಚಹಾ ಸೊಳ್ಳೆ ಎಂಬ ತಿಗಣೆಯನ್ನು ಕೊಲ್ಲಲು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಪಡ್ರೆಯವರೇ ಆದ ಪತ್ರಕರ್ತ ಶ್ರೀಪಡ್ರೆಯವರು ಎಂಬತ್ತರ ದಶಕದ ಆರಂಭದಲ್ಲಿಯೇ ಇದರ ವಿರುದ್ಧ ಬರೆದರು. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಅವರು ತಮ್ಮ ರೋಗಿಗಳಲ್ಲಿ ಕಂಡ ಅಸಹಜ ಕಾಯಿಲೆಗಳನ್ನು ಜನರ ಮುಂದಿಟ್ಟರು. ನಮ್ಮ ಜಿಲ್ಲೆಯ ಗೇರುತೋಪುಗಳ ಸುತ್ತಲೂ, ಬೆಳ್ತಂಗಡಿ ತಾಲೂಕಿನ ಕೊಕ್ಕಡದಂಥ ಊರುಗಳಲ್ಲಿ, ಇದೇ ಸಂಕಟ ಕಾಣಿಸಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಇದರ ತಯಾರಿ, ಮಾರಾಟ, ಬಳಕೆಗಳನ್ನು ದೇಶದಲ್ಲೆಲ್ಲ ತಡೆಯಿತು; ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಲೋಕದಿಂದಲೇ ಇದನ್ನು ತೊಲಗಿಸಲು ನಿರ್ಧರಿಸಿದವು.

ಓತಿಯ ಊಟದ ಮಾತಿಗೂ ಇದಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಇಂಥ ವಿಷ ನೀರಿಗಿಂತ ಕೊಬ್ಬಿನಲ್ಲಿ ಹೆಚ್ಚಾಗಿ ಕರಗುತ್ತದೆ. ತಿಂದ ಜೀವಿಯ ಮೈಯಲ್ಲಿ ತಂಗುತ್ತದೆ. ಒಂದು ಹುಳುವಿನಲ್ಲಿರುವುದು ಕಣದಷ್ಟು. ಓತಿ ತಿನ್ನುವುದು ಒಂದು ಹುಳುವನ್ನಲ್ಲ. ದಿನಕ್ಕೆ ಹತ್ತಾರು, ತಿಂಗಳಿಗೆ ನೂರಾರು. ಓತಿಯನ್ನು ತಿನ್ನುವ ಹಕ್ಕಿಗೆ ಅದು ಮತ್ತಷ್ಟು ಗುಣಿಸಿ ಬರುತ್ತದೆ. ಸಿಂಪಡಣೆಯಿಂದ ಅರೆಜೀವವಾಗಿ ಬಿದ್ದ ಹುಳು ಎಲ್ಲಕ್ಕಿಂತ ಮೊದಲು ಹಿಡಿಯಲು ಸಿಗುವುದರಿಂದ ಹೆಚ್ಚು ವಿಷವುಂಡ ಹುಳುವೇ ಹೆಚ್ಚಾಗಿ ಹೊಟ್ಟೆ ಸೇರುತ್ತದೆ. ಆದುದರಿಂದ ಹೊರಗಿನಿಂದ ಹುಳು ಹಿಡಿದು ತರುವವನು ಮೊದಲು ಕೇಳಬೇಕಾದದ್ದು ಹುಳುವಿನ ಹೆಸರನ್ನಲ್ಲ, ಅದು ಮೇಯ್ದ ಜಾಗದಲ್ಲಿ ಯಾರು ಯಾವಾಗ ಏನು ಸಿಂಪಡಿಸಿದರು ಎಂಬುದನ್ನು. ಉತ್ತರ ಗೊತ್ತಿಲ್ಲದಿದ್ದರೆ ಆ ಹುಳು ಬೇಡ. ಹೊರಗಿನ ಹುಳುಗಳಲ್ಲಿ ಕರುಳಿನ ಪರೋಪಜೀವಿಗಳೂ ಇರುವುದರಿಂದ, ಆಹಾರಕ್ಕೆಂದೇ ಶುಚಿಯಾಗಿ ಬೆಳೆಸಿದ ಹುಳುವೇ ಎಂದಿಗೂ ಮೇಲು.

ಈ ಲೆಕ್ಕವನ್ನೆಲ್ಲ ಹಾಕಿದ ಬಳಿಕ ನಮ್ಮ ತೋಟದಲ್ಲಿ ಆ ಮರಿಗೆ ಕೊಡಬಹುದಾದ ಹುಳು ಎಷ್ಟು ಉಳಿಯಿತು? ಸತ್ಯ ಹೇಳಬೇಕೆಂದರೆ, ಧೈರ್ಯವಾಗಿ ಕೊಡಬಹುದಾದದ್ದು ಒಂದೂ ಉಳಿಯಲಿಲ್ಲ. ನಮ್ಮ ತೋಟದ ಸಂಗತಿ ನನಗೆ ಗೊತ್ತು, ಬೇಲಿಯಾಚೆಯದು ಗೊತ್ತಿಲ್ಲ. ಮಿಡತೆಗೆ ಬೇಲಿಯ ಹಂಗಿಲ್ಲ. ಹುಡುಗ ಅಳುಮೋರೆ ಮಾಡಿದ. "ಹಸಿವಿನಿಂದ ಸತ್ತರೆ?" ಎಂದ. ಓತಿ ತಣ್ಣನೆಯ ರಕ್ತದ ಪ್ರಾಣಿ. ನಮ್ಮಂತೆ ಹೊತ್ತು ಹೊತ್ತಿಗೆ ಉಣ್ಣದಿದ್ದರೆ ಕೆಡುವ ಮೈ ಅಲ್ಲ. ಆರೋಗ್ಯವಾಗಿರುವ ಮರಿ ಒಂದೆರಡು ದಿನ ಹುಳುವಿಲ್ಲದೆ ಇದ್ದರೆ ಅಪಾಯವಿಲ್ಲ, ಒಂದು ತಪ್ಪು ಹುಳು ತಿಂದರೆ ಅಪಾಯ ಎಂದು ಸಮಾಧಾನ ಹೇಳಿದೆ. ಅಂಗಳದ ನುಗ್ಗೆಯ ಎಳೆಸೊಪ್ಪನ್ನು ತೊಳೆದು, ಸಣ್ಣಗೆ ಕೊಚ್ಚಿ, ಸಿಹಿಗುಂಬಳದ ತುರಿಯೊಂದಿಗೆ ಇಟ್ಟೆವು. ಮೊದಲ ದಿನ ಮೂಸಿಯೂ ನೋಡಲಿಲ್ಲ. ಎರಡನೆಯ ದಿನ ತಿಂದಿತು. ಮೂರನೆಯ ಬೆಳಿಗ್ಗೆ ಅವನ ತಂದೆ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದರು; ಕೈಯಲ್ಲಿ ಹೊಸ ಚಿಮ್ಮಂಡೆಗಳ ಡಬ್ಬಿ, ಈ ಸಲ ತೂತುಗಳನ್ನು ಕೊರೆದು, ಒದ್ದೆ ಬಟ್ಟೆ ಸುತ್ತಿ.

ಇಲ್ಲಿ ಕಾನೂನಿನ ಒಂದು ಮಾತು. ಊರಿನ ಉಡ, ಊಸರವಳ್ಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಹೊರದೇಶದ ಪ್ರಾಣಿಗಳಲ್ಲಿ ಕಾಯಿದೆಯ ಪಟ್ಟಿಗೆ ಸೇರಿದವನ್ನು ಸಾಕುವವರು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ 2024ರಿಂದ ಜಾರಿಯಲ್ಲಿದೆ. ಬೇಸರವಾದಾಗ ತೋಟಕ್ಕೆ ಬಿಟ್ಟುಬಿಡುವುದಂತೂ ಆ ಪ್ರಾಣಿಗೂ ತೋಟಕ್ಕೂ ಮಾಡುವ ಅನ್ಯಾಯ.

ಹೊರಡುವ ದಿನ ಹುಡುಗನನ್ನು ತೋಟಕ್ಕೆ ಕರೆದೊಯ್ದೆ. ಅಡಕೆಮರದ ತೊಗಟೆಯ ಬಣ್ಣದಲ್ಲೇ ಬೆರೆತು ಹಾರುವ ಓತಿಯೊಂದು ಕುಳಿತಿತ್ತು. ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಹೊರಬಂದ ಮೇಲೆ ಕನ್ನಡದ ಓದುಗರಿಗೆ ಇದು ಚಿರಪರಿಚಿತ. ಕಾದಂಬರಿಯಲ್ಲಿ ಅದಕ್ಕಾಗಿ ಕಾಡು ಮೇಡು ಅಲೆಯುತ್ತಾರೆ. ನಮ್ಮ ಭಾಗದ ಅಡಕೆ ತೋಟಗಳಲ್ಲಿ ತಾಳ್ಮೆಯಿಂದ ನಿಂತರೆ ಕಣ್ಣಿಗೆ ಬೀಳುತ್ತದೆ. ಗಂಡು ಹಳದಿಯ ಗಲ್ಲದ ಚೀಲವನ್ನು ಬಿಚ್ಚಿ ಮುಚ್ಚಿ ಆಡಿಸುತ್ತದೆ. ಪಕ್ಕೆಲುಬಿನ ಮೇಲೆ ಹಬ್ಬಿದ ಚರ್ಮವನ್ನು ಹರಡಿ ಮರದಿಂದ ಮರಕ್ಕೆ ತೇಲುತ್ತದೆ. ಅದರ ಊಟ ಬಹುಮಟ್ಟಿಗೆ ಇರುವೆ. ಕಾಂಡದ ಮೇಲೆ ಸಾಲುಹಿಡಿದು ಹೋಗುವ ಇರುವೆಗಳ ಬಳಿ ಕುಳಿತು ಒಂದೊಂದಾಗಿ ನಾಲಗೆಯಿಂದ ಎತ್ತಿಕೊಳ್ಳುತ್ತಿತ್ತು. ಕೆಲವನ್ನು ತಿಂದಿತು, ಕೆಲವನ್ನು ಹೋಗಗೊಟ್ಟಿತು.

ಹುಡುಗ ಬಹಳ ಹೊತ್ತು ನೋಡಿದ. "ಇದಕ್ಕೆ ಯಾವುದು ತಿನ್ನಬೇಕೆಂದು ಗೊತ್ತು ಅಲ್ಲವೆ, ಮಾವ?" ಎಂದು ಕೇಳಿದ. ಗೊತ್ತು ಎಂದೆ. ಇರುವೆಯ ಮೇಲೆ ನಾವೇನಾದರೂ ಸಿಂಪಡಿಸಿದ್ದರೆ ಅದು ಮಾತ್ರ ಇದಕ್ಕೆ ಗೊತ್ತಾಗುವುದಿಲ್ಲ ಎಂದೂ ಸೇರಿಸಿದೆ. ಅವನು ಏನೂ ಹೇಳಲಿಲ್ಲ. ಮನೆಗೆ ಮರಳಿದವನೇ ಪಂಪುಮನೆಯ ಮೂಲೆಯಲ್ಲಿದ್ದ ಔಷಧಿಯ ಡಬ್ಬಿಗಳ ಮುಂದೆ ಕುಳಿತು ಅವುಗಳ ಮೇಲಿನ ಚೀಟಿಗಳನ್ನು ಒಂದೊಂದಾಗಿ ಓದತೊಡಗಿದ. ನಾನು ಇಷ್ಟು ವರ್ಷ ಓದದೆ ಬಿಟ್ಟ ಚೀಟಿಗಳು ಅವು. ಅವನ ಪಕ್ಕದಲ್ಲಿ ನಾನೂ ಕುಳಿತೆ.